ಕುಂಟು ಮಾರ್ದನಿ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಈ ಮಾತನ್ನು ಹಾಗಲಕಾಯಿಯ ಮುಂದೆ ಆಡಿದ್ದರೆ, ಒಳ್ಳೆಯದು ಆಡುವವರ ಬಾಯಿಗೆ ಮೊದಲು ಬೀಗ ಹಾಕಿ ಎನ್ನುತ್ತಿದ್ದ. ಅವನು ತೀರಿಕೊಂಡ ಮೇಲೆ ವಾದ್ಯಗಾರರ ಸಂಘ ನಡೆಸಿದ ಸಭೆಯ ಹೊಗಳಿಕೆಯೇನಾದರೂ ಅವನ ಕಿವಿಗೆ ಬಿದ್ದಿದ್ದರೆ ಇನ್ನೊಂದು ಸಲ ಸಾಯುತ್ತಿದ್ದ, ಈ ಸಲ ಬೇಕೆಂದೇ. ಒಬ್ಬ ಅವನ ಬೆರಳಲ್ಲಿ ಜಾದೂ ಇತ್ತು ಎಂದ. ಇನ್ನೊಬ್ಬ ಅವನು ಯಂತ್ರಗಳಿಗೆ ಉಸಿರು ಕೊಟ್ಟ ಎಂದ. ಅವನ ಅಂಗಡಿಯ ಹೊಸ್ತಿಲನ್ನು ಜನ್ಮದಲ್ಲಿ ತುಳಿಯದವನೊಬ್ಬ ಮೈಕಿನ ಮುಂದೆ ನಿಂತು, ಅವರು ನನಗೆ ತಂದೆಯ ಹಾಗಿದ್ದರು ಎಂದು ಕಣ್ಣೊರೆಸಿಕೊಂಡ.

ಹಿಂದಿನ ಸಾಲಿನಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದವನು ಬೈಂಡರ್. ಹಾಗಲಕಾಯಿಯ ಅಂಗಡಿಯ ಎದುರಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಅವನದು. ಅವನೇ ಕೈಹಿಡಿದು ಮಹಡಿಯ ಮೆಟ್ಟಿಲು ಇಳಿಸಿ ಕರೆತಂದಿದ್ದ ಹಾಗಲಕಾಯಿಯ ಅಕ್ಕ ಅವನ ಬಲಕ್ಕೆ ಕೂತಿದ್ದಳು. ಎಡಗಡೆಯ ಕುರ್ಚಿ ಖಾಲಿ. ಇಂಥ ಸಭೆಗಳಲ್ಲಿ ಎಡಗಿವಿಗೆ ಬಿಸಿಬಿಸಿಯಾಗಿ ಬೀಳುತ್ತಿದ್ದ ಬೈಗುಳ ಇವತ್ತು ಬೀಳಲಿಲ್ಲವಲ್ಲ ಎಂದು ಅವನು ಎರಡು ಸಲ ಆ ಕಡೆ ತಿರುಗಿ ನೋಡಿದ.

ಹಾಗಲಕಾಯಿ ಎಂಬುದು ಬೀದಿಯವರು ಇಟ್ಟ ಹೆಸರು. ಜೋಡಿ ಪೂರ್ತಿಯಾಗಲಿ ಎಂದು ಬೈಂಡರನಿಗೆ ಬೇವಿನಕಾಯಿ ಎಂದಿಟ್ಟರು. ಒಬ್ಬನ ಮೇಲೆ ದೂರು ತಂದವರು ಇನ್ನೊಬ್ಬನ ಹತ್ತಿರ ನ್ಯಾಯ ಕೇಳಲು ಹೋದರೆ ಏನಾಗುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ.

ಹಾಗಲಕಾಯಿ ರಿಪೇರಿ ಮಾಡುತ್ತಿದ್ದದ್ದು ಟೇಪ್ ಎಕೋ ಯಂತ್ರಗಳನ್ನು. ಕಂಪ್ಯೂಟರುಗಳು ಬರುವ ಮುಂಚೆ ಹಾಡುಗಾರರ ಗಂಟಲಿಗೂ ಗಿಟಾರಿನ ತಂತಿಗೂ ಮಾರ್ದನಿ ಕೊಡುತ್ತಿದ್ದದ್ದು ಆ ಪೆಟ್ಟಿಗೆಯೇ. ಮುಚ್ಚಳ ತೆಗೆದರೆ ಒಳಗೆ ಒಂದು ತುಂಡು ಟೇಪು ತುದಿಗೆ ತುದಿ ಅಂಟಿಸಿಕೊಂಡು ಬಳೆಯ ಹಾಗೆ ಸುತ್ತುತ್ತಿರುತ್ತದೆ. ಒಂದು ಹೆಡ್ಡು ಅದರ ಮೇಲೆ ಧ್ವನಿಯನ್ನು ಬರೆಯುತ್ತದೆ. ಮುಂದೆ ಸಾಲಾಗಿ ನಿಂತ ಹೆಡ್ಡುಗಳು ಅದನ್ನು ಚೂರು ಚೂರು ತಡವಾಗಿ ಓದಿ ಹೇಳುತ್ತವೆ. ಕೊನೆಯದೊಂದು ಎಲ್ಲವನ್ನೂ ಅಳಿಸಿ ಟೇಪನ್ನು ಮತ್ತೆ ಮೊದಲಿನದರ ಮುಂದೆ ಕಳಿಸುತ್ತದೆ.

"ನೀನು ಹೇಳಿದ್ದನ್ನೇ ನಿನಗೆ ತಿರುಗಿ ಹೇಳುತ್ತೆ, ಸಲಸಲಕ್ಕೂ ಸ್ವಲ್ಪ ಕೆಡಿಸಿ," ಎಂದು ಅವನು ಗಿರಾಕಿಗಳಿಗೆ ವಿವರಿಸುತ್ತಿದ್ದ. "ನಿಮ್ಮ ಸಂಘದ ಕಾರ್ಯದರ್ಶಿ ಮಾಡೋ ಕೆಲಸಾನೇ. ಆದರೆ ಇದಕ್ಕೆ ಆಮೇಲೆ ಅಳಿಸಿಬಿಡೋ ಬುದ್ಧಿ ಇದೆ."

ಅವನು ಈ ಕಸುಬಿಗೆ ಹುಟ್ಟಿದವನಲ್ಲ. ಅಪ್ಪ ಟೈಪ್‌ರೈಟರ್ ಮೆಕ್ಯಾನಿಕ್. ಕಚೇರಿಗಳಲ್ಲಿ ವರ್ಷಗಟ್ಟಲೆ ಅಕ್ಷರಗಳ ಹೊಡೆತ ತಿಂದು ಕಲ್ಲಾದ ರಬ್ಬರ್ ರೋಲರುಗಳನ್ನು ತಂದು, ಹಳೆ ರಬ್ಬರ್ ಕಿತ್ತು, ಹೊಸದನ್ನು ತೊಡಿಸಿ, ಗರಗರ ಸುತ್ತುವ ಲೇತಿಗೆ ಕಚ್ಚಿಸಿ ನುಣುಪಾಗಿ ಉಜ್ಜಿ ಕೊಡುವುದು ಅಪ್ಪನ ಕೆಲಸ. ಮಾತು ಕಡಿಮೆ, ಕೆಮ್ಮು ಜಾಸ್ತಿ. ಅಮ್ಮ ಇರಲಿಲ್ಲ. ಅಮ್ಮನ ಜಾಗದಲ್ಲಿ ಅಕ್ಕ ಇದ್ದಳು. ಅಡುಗೆಗೂ ಅವಳೇ, ಏಟಿಗೂ ಅವಳೇ.

ಆ ಮನೆಯಲ್ಲಿ ಅಕ್ಕ ತಮ್ಮ ಆಡುತ್ತಿದ್ದ ಒಂದು ಆಟವಿತ್ತು. ಅವಳು ಗೋಡೆಗೆ ಒರಗಿ ಕಣ್ಣುಮುಚ್ಚಿ ಒಂದೇ ಸ್ವರವನ್ನು ಹಿಡಿದು ನಿಲ್ಲಿಸುವಳು. ಇವನು ಸೀಮೆಸುಣ್ಣ ಹಿಡಿದು ಮೊಣಕಾಲಲ್ಲಿ ತೆವಳುತ್ತ ಆ ಸ್ವರದ ಉದ್ದಕ್ಕೂ ನೆಲದ ಮೇಲೆ ಗೆರೆ ಎಳೆಯಬೇಕು. ಧ್ವನಿ ಜಗ್ಗಿದರೆ ಗೆರೆಯೂ ಜಗ್ಗಬೇಕು, ಧ್ವನಿ ನಡುಗಿದರೆ ಗೆರೆಯೂ ನಡುಗಬೇಕು, ಮೋಸ ಮಾಡುವ ಹಾಗಿಲ್ಲ. ಅಕ್ಕನ ಗೆರೆ ಎದುರು ಗೋಡೆ ಮುಟ್ಟುವ ತನಕ ದಾರ ಬಿಗಿದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಆಮೇಲೆ ಇವನು ಹಾಡಬೇಕು, ಅವಳು ಎಳೆಯಬೇಕು. ಅದು ಎತ್ತು ಉಚ್ಚೆ ಹೊಯ್ದ ಹಾಗೆ ಇರುತ್ತಿತ್ತು. ಅವಳು ನಗುತ್ತಿರಲಿಲ್ಲ. ಒದ್ದೆ ಬಟ್ಟೆ ತಂದು ಅವನ ಗೆರೆಯನ್ನು ಮಾತ್ರ ಒರೆಸಿಬಿಡುತ್ತಿದ್ದಳು.

ಅವಳು ಹುಡುಗಿಯರ ಶಾಲೆಯಲ್ಲಿ ಹಾಡಿನ ಟೀಚರಾದಳು. ಇವನು ಅಪ್ಪನ ಅಂಗಡಿಯಲ್ಲಿ, ಅಪ್ಪನ ಲೇತಿನ ಮುಂದೆ, ಅಪ್ಪನ ಸ್ಟೂಲಿನ ಮೇಲೆ ಕೂತ. ಮದುವೆ ಆಗಲಿಲ್ಲ. ಹೆಣ್ಣು ಕೊಡಲು ಬಂದವರ ಮಾತೇ ಅಪಸ್ವರ, ಇನ್ನು ಮಗಳದು ಹೇಗಿರುತ್ತೋ ಎಂದು ಒಂದು ಸಂಬಂಧವನ್ನು ಬಾಗಿಲಲ್ಲೇ ವಾಪಸು ಕಳಿಸಿದನಂತೆ. ಇಡೀ ಜಗತ್ತಿನಲ್ಲಿ ಅವನು ನಂಬಿದ್ದು ಒಂದೇ ಒಂದು ಜೋಡಿ ಕಿವಿಯನ್ನು. ಅವು ಅಕ್ಕನವು.

ಟೈಪ್‌ರೈಟರುಗಳು ಗುಜರಿಗೆ ಹೋದವು. ಅಂಗಡಿ ನೊಣ ಹೊಡೆಯುತ್ತಿದ್ದ ಕಾಲದಲ್ಲಿ, ಮನೆಯೊಳಗೂ ಕಪ್ಪುಕನ್ನಡಕ ತೆಗೆಯದ ಗಿಟಾರಿನವನೊಬ್ಬ ಟೇಪ್ ಎಕೋ ಯಂತ್ರವನ್ನು ಹೊತ್ತುಕೊಂಡು ಬಂದ. ಟೇಪನ್ನು ಒತ್ತಿ ಎಳೆಯುವ ಪುಟ್ಟ ರಬ್ಬರ್ ರೋಲರ್ ಕರಗಿ ಬೆಲ್ಲದ ಪಾಕವಾಗಿತ್ತು. ಅದನ್ನು ಮಾಡುವ ಕಂಪನಿ ಮುಚ್ಚಿ ಯಾವುದೋ ಕಾಲವಾಗಿತ್ತು. ಹಾಗಲಕಾಯಿ ಅದನ್ನು ಅತ್ತಿತ್ತ ತಿರುಗಿಸಿ ನೋಡಿ, ಇದು ಟೈಪ್‌ರೈಟರ್ ರೋಲರಿನ ಮೊಮ್ಮಗ ಎಂದುಕೊಂಡ. ರಬ್ಬರ್ ತೊಡಿಸಿದ, ಲೇತಿಗೆ ಕಚ್ಚಿಸಿ ಉಜ್ಜಿದ, ಯಂತ್ರಕ್ಕೆ ಕೂರಿಸಿದ. ಓಡಿತು.

ಆದರೆ ನೆಟ್ಟಗೆ ಓಡಲಿಲ್ಲ. ರೋಲರ್ ಕೂದಲೆಳೆಯಷ್ಟು ಓರೆ. ಅದು ಸುತ್ತಿದಾಗಲೆಲ್ಲ ಟೇಪು ಒಮ್ಮೆ ಮುಗ್ಗರಿಸುತ್ತಿತ್ತು, ಹಿಂದಿರುಗಿ ಬರುವ ಸ್ವರ ಒಂದು ಚೂರು ಇಳಿದು ಮತ್ತೆ ಏರುತ್ತಿತ್ತು. ಕೆಲಸ ಮುಗಿದದ್ದನ್ನು ಅಕ್ಕನಿಗೆ ತೋರಿಸುವುದು ಚಿಕ್ಕಂದಿನ ಅಭ್ಯಾಸ. ಅವಳು ಶಾಲೆಯಿಂದ ಬರುವ ದಾರಿಯಲ್ಲಿ ಅಂಗಡಿಗೆ ಬಂದು, ಚೀಲ ಕೆಳಗಿಟ್ಟು, ಮೈಕಿಗೆ ತನ್ನ ಆ ಉದ್ದದ ಒಂದು ಸ್ವರ ಕೊಟ್ಟಳು. ತಿರುಗಿ ಬಂದದ್ದನ್ನು ಕೇಳಿದಳು.

"ಕುಂಟುತ್ತೆ ಕಣೋ," ಎಂದು ಚೀಲ ಎತ್ತಿಕೊಂಡು ಹೋದಳು.

ಗಿಟಾರಿನವನು ಬಂದು ಬೈದರೆ ಬೈಸಿಕೊಳ್ಳೋಣ, ಇನ್ನೊಂದು ಮಾಡಿಕೊಡೋಣ ಎಂದು ಹಾಗಲಕಾಯಿ ಸಿದ್ಧನಾಗಿ ಕೂತಿದ್ದ. ಅವನು ಬಂದು ಬೈಯಲಿಲ್ಲ, ತಬ್ಬಿಕೊಂಡ. ಗುರುಗಳೇ ಎಂದ. ಈ ತೇಲು ಎಲ್ಲಿಂದ ತಂದಿರಿ, ಸ್ವರ ನೀರಿನ ಮೇಲೆ ತೇಲಿ ಬರುತ್ತೆ ಎಂದ. ಜಗತ್ತಿನ ಬಗ್ಗೆ ಹಾಗಲಕಾಯಿಗೆ ಉಳಿದಿದ್ದ ಅಲ್ಪಸ್ವಲ್ಪ ಮರ್ಯಾದೆ ಆ ದಿನ ಹೋಯಿತು.

ಅಲ್ಲಿಂದ ಮುಂದೆ ಬಂದವರ ಸಾಲನ್ನು ಎದುರಂಗಡಿಯಲ್ಲಿ ಅಂಟು ಕಲಸುತ್ತ ಬೈಂಡರ್ ನೋಡಿಯೇ ನೋಡಿದ. ಕೂದಲು ಬಿಟ್ಟವರು, ಕೂದಲು ಇಲ್ಲದವರು, ಕಂಪ್ಯೂಟರಿನಲ್ಲಿ ಎಲ್ಲ ಇದ್ದೂ ಆತ್ಮ ಇಲ್ಲ ಎಂದು ಗೋಳಾಡುವ ಸ್ಟುಡಿಯೋದವರು. ಎಲ್ಲರಿಗೂ ಆ ತೇಲೇ ಬೇಕು. ಕಂತೆ ಕಂತೆ ಕಥೆ ಹುಟ್ಟಿದವು. ಅವನು ಟೇಪನ್ನು ಬೆಳದಿಂಗಳಲ್ಲಿ ಒಣಗಿಸುತ್ತಾನಂತೆ. ಸೈನಿಕರ ಹಳೇ ಬೂಟಿನ ರಬ್ಬರನ್ನೇ ಬಳಸುತ್ತಾನಂತೆ. ಯಾವುದೋ ಎಣ್ಣೆ ಇದೆಯಂತೆ, ಯಾರಿಗೂ ಹೇಳುವುದಿಲ್ಲವಂತೆ.

"ಆ ಎಣ್ಣೆ ಯಾವುದು ಗುರುಗಳೇ?" ಎಂದು ಒಬ್ಬ ಪಿಸುಗುಟ್ಟಿ ಕೇಳಿದ್ದಕ್ಕೆ, "ನಿನ್ನ ತಲೆಗೆ ಹಚ್ಕೊಳ್ಳೋದು," ಎಂದ ಹಾಗಲಕಾಯಿ. ಕೇಳಿದವನು ಅದನ್ನೂ ಬರೆದುಕೊಂಡ.

ಅವರನ್ನು ಅವನು ತಿರಸ್ಕರಿಸಿದಷ್ಟೂ ಅವರು ಅವನನ್ನು ಪೂಜಿಸಿದರು. ಬೈಗುಳವೂ ಪ್ರಸಾದವಾಯಿತು. ಕಿವಿ ಇಲ್ಲದವರ ಸಂತೆಯಲ್ಲಿ ನಾನು ಒಡಕು ಗಂಟೆ ಮಾರುತ್ತಿದ್ದೇನೆ ಎಂದು ಅವನು ಬೈಂಡರನಿಗೆ ಹೇಳುವನು. ಹೇಳಿ ಮತ್ತೆ ಲೇತಿನ ಮುಂದೆ ಹೋಗಿ ಕೂರುವನು. ಏಕೆಂದರೆ ಅವನಿಗೆ ಬೇಕಾಗಿದ್ದದ್ದು ಒಂದೇ: ಒಂದು ಯಂತ್ರ ನೆಟ್ಟಗೆ ಓಡಬೇಕು, ಅಕ್ಕ ಅದರ ಮುಂದೆ ನಿಂತು, ಸರಿಯಾಗಿದೆ ಕಣೋ ಎನ್ನಬೇಕು. ಅಷ್ಟನ್ನು ಕೇಳಿಸಿಕೊಂಡರೆ ಅಂಗಡಿಗೆ ಬೀಗ ಹಾಕಿ ಕೀಲಿಯನ್ನು ಚರಂಡಿಗೆ ಎಸೆಯುತ್ತೇನೆ ಎನ್ನುತ್ತಿದ್ದ. ಅಂಗಡಿಗೆ ಬರುವಷ್ಟು ಕಾಲ ಒಂದೊಂದು ಯಂತ್ರವನ್ನೂ ಅವಳು ಕೇಳಿದಳು. ಒಂದೊಂದಕ್ಕೂ ಅದೇ ಮಾತು, ಹಾಲು ಉಕ್ಕಿತು ನೋಡು ಎನ್ನುವಷ್ಟು ಸಹಜವಾಗಿ: ಕುಂಟುತ್ತೆ ಕಣೋ.

ಲೇತು ಸವೆದಿದೆ, ಬೇರೆ ಕೊಂಡುಕೋ ಎಂದು ಬೈಂಡರ್ ಎಷ್ಟು ಸಲ ಹೇಳಿದರೂ ಅವನದು ಒಂದೇ ಜವಾಬು. "ಅಪ್ಪ ಇದರಲ್ಲೇ ಮಾಡ್ತಿದ್ದ. ಲೇತಿಗೇನಾಗಿದೆ? ಕುಣೀಲಾರದೋಳು ನೆಲ ಡೊಂಕು ಅಂದಳಂತೆ. ನನ್ನ ಕೈ ಡೊಂಕು."

ಟೈಪ್‌ರೈಟರಿನಲ್ಲಿ ರೋಲರ್ ಕೂದಲೆಳೆ ಓರೆಯಾದರೆ ಯಾರಿಗೂ ತಿಳಿಯುವುದಿಲ್ಲ, ಅಕ್ಷರಕ್ಕೆ ಕಿವಿ ಇಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ಅಥವಾ ಹೊಳೆದರೂ, ಸತ್ತ ಅಪ್ಪನ ಮೇಲೆ ಆ ಮಾತು ಹೊರಿಸಲು ಅವನಿಗೆ ನಾಲಗೆ ಬರಲಿಲ್ಲ. ಬದುಕಿದ್ದವರ ಮೇಲೆಲ್ಲ ಧಾರಾಳವಾಗಿ ಹರಿಯುತ್ತಿದ್ದ ನಾಲಗೆ ಅದು.

ರಬ್ಬರಿನ ಕಪ್ಪು ಧೂಳು, ಹೆಡ್ಡು ತೊಳೆಯುವ ಸ್ಪಿರಿಟ್ಟಿನ ಹಬೆ, ಗಾಳಿಯಾಡದ ಕೋಣೆ. ಅಪ್ಪನ ಕೆಮ್ಮು ಮಗನಿಗೆ ಬಂತು. ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಧೂಳಿನ ಕೆಲಸ ಇವತ್ತೇ ಬಿಡಿ ಎಂದರು. ಬಿಟ್ಟರೆ ವಾಸಿಯಾಗುತ್ತದೆ ಎಂದು ಮಾತ್ರ ಅವರು ಹೇಳಲಿಲ್ಲ ಎಂಬುದನ್ನು ಜೊತೆಗೆ ಹೋಗಿದ್ದ ಬೈಂಡರ್ ಗಮನಿಸಿದ. ಹಾಗಲಕಾಯಿಯೂ ಗಮನಿಸಿದ್ದ. ಹೊರಗೆ ಬಂದು, ಅವನ ಸ್ಟೆತಾಸ್ಕೋಪು ಬಿರುಕು ಬಿಟ್ಟಿದೆ ಎಂದ.

ಲೇತಿನ ಮುಂದೆ ಕೂರುವ ಶಕ್ತಿಯೂ ಹೋಯಿತು. ಬೈಂಡರ್ ಅವನನ್ನು ತನ್ನ ಅಂಗಡಿಯ ಕಿಟಕಿಯ ಬಳಿ, ಗಾಳಿ ಬರುವಲ್ಲಿ ಕೂರಿಸಿಕೊಂಡ. ಎದುರಿಗೆ ಕಪ್ಪುಕನ್ನಡಕದವನ ಅದೇ ಮೊದಲ ಯಂತ್ರ, ಹೊಸ ರೋಲರಿಗಾಗಿ ಬಂದಿದ್ದದ್ದು. ರಬ್ಬರ್ ತೊಡಿಸಿದ್ದಾಗಿತ್ತು, ಉಜ್ಜುವುದು ಉಳಿದಿತ್ತು. ಸುಮ್ಮನೆ ಕೂತು ಬೈಯುವುದು ಬೇಸರವಾಗಿ ಅವನು ಒರಟು ರೋಲರನ್ನು ಹಾಗೆಯೇ ಯಂತ್ರಕ್ಕೆ ಸಿಕ್ಕಿಸಿ ಸ್ವಿಚ್ಚು ಒತ್ತಿದ. ಪುಸ್ತಕದ ಅಂಚು ಉಜ್ಜಲು ಬೈಂಡರ್ ರಟ್ಟಿನ ಪಟ್ಟಿಗೆ ನುಣುಪು ಉಪ್ಪುಕಾಗದ ಅಂಟಿಸಿಟ್ಟುಕೊಂಡಿದ್ದ. ಹಾಗಲಕಾಯಿಯ ಕೈ ಅದನ್ನು ಎತ್ತಿಕೊಂಡು, ಸುತ್ತುತ್ತಿದ್ದ ರೋಲರಿಗೆ ಮೆಲ್ಲಗೆ ತಾಗಿಸಿತು. ಉಬ್ಬಿದ ಕಡೆ ಮಾತ್ರ ಉಪ್ಪುಕಾಗದ ಕಚ್ಚುತ್ತಿತ್ತು. ಚರ್, ಚರ್, ಚರ್ ಎನ್ನುತ್ತಿದ್ದದ್ದು ಬರಬರುತ್ತ ಒಂದೇ ಎಳೆಯ ಸದ್ದಾಯಿತು.

ಅವನ ಜೇಬಿನಲ್ಲಿ ಯಾವಾಗಲೂ ಶ್ರುತಿ ನೋಡುವ ಉಕ್ಕಿನ ಕವೆಯೊಂದು ಇರುತ್ತಿತ್ತು, ಬಡಿದರೆ ಒಂದೇ ಸ್ವರ ಹಿಡಿದು ಗುಂಯ್‌ಗುಡುವಂಥದ್ದು. ಅದನ್ನು ಮಂಡಿಗೆ ಬಡಿದು ಮೈಕಿಗೆ ಹಿಡಿದ. ಸ್ವರ ಹೋಯಿತು. ತಿರುಗಿ ಬಂತು. ಮತ್ತೆ ಬಂತು. ಹೋದ ಹಾಗೆಯೇ ಬಂತು.

ಅವನು ಕುಣಿಯಲಿಲ್ಲ, ನಗಲಿಲ್ಲ. ಸ್ವಿಚ್ಚು ಆರಿಸಿ ಆ ರೋಲರಿನ ಮೇಲೆ ಬೆರಳಾಡಿಸಿದ.

"ಅಪ್ಪ ಕತ್ತೆ ಕಣೋ," ಎಂದ. "ನಾನು ಕತ್ತೆ ಮರಿ. ಲೇತಿನ ಅಚ್ಚು ಬೇರೆ, ಇದರ ಅಚ್ಚು ಬೇರೆ. ಇದರ ಮನೇಲೇ ಕೂರಿಸಿ ತಿದ್ದಬೇಕಿತ್ತು. ನಾನು ಜನ್ಮವಿಡೀ ಪಕ್ಕದ ಮನೆಗೆ ಕರಕೊಂಡು ಹೋಗಿ ಬುದ್ಧಿ ಹೇಳ್ತಿದ್ದೆ."

ಕಪ್ಪುಕನ್ನಡಕದವನು ಯಂತ್ರ ತೆಗೆದುಕೊಂಡು ಹೋದ, ಮಾರನೆಯ ದಿನವೇ ಮುಖ ಒಣಗಿಸಿಕೊಂಡು ವಾಪಸು ತಂದ. ತೇಲು ಹೋಗಿದೆಯಂತೆ. ಆತ್ಮ ಹೋಗಿದೆಯಂತೆ. ಹಳೆ ರೋಲರನ್ನಾದರೂ ಹಾಕಿಕೊಡಿ ಎಂದು ಕೈಮುಗಿದ. ಹಾಗಲಕಾಯಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇಟ್ಟು ಹೋಗು ಎಂದ. ಆ ದಿನ ಬೈಯುವುದಕ್ಕೂ ಅವನಿಗೆ ಪುರಸೊತ್ತಿರಲಿಲ್ಲ. ಯಂತ್ರವನ್ನು ಬೈಂಡರನ ತಲೆಯ ಮೇಲೆ ಹೊರಿಸಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ ಅಕ್ಕನ ಮನೆಗೆ ಹೊರಟ.

ಅಕ್ಕ ಶಾಲೆಯಿಂದ ನಿವೃತ್ತಳಾಗಿ, ಗಂಡನೂ ಹೋಗಿ, ಮೆಟ್ಟಿಲು ಹತ್ತುವ ಮಹಡಿಯ ಒಂದು ಕೋಣೆಯಲ್ಲಿದ್ದಳು. ಮೆಟ್ಟಿಲು ಇಳಿಯಲಾಗದೆ ಅಂಗಡಿಗೆ ಬರುವುದು ಬಿಟ್ಟು ಕಾಲವಾಗಿತ್ತು. ಕಿಟಕಿಯ ಕೆಳಗೆ ಕುರ್ಚಿ, ಕುರ್ಚಿಯ ಕೈಗೆ ನೇತುಹಾಕಿದ ಹೆಣಿಗೆಯ ಚೀಲ, ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ ಇಟ್ಟ ರೇಡಿಯೋ. ತಮ್ಮನನ್ನು ಕಂಡು ರೇಡಿಯೋ ಆರಿಸಿ, ಇಷ್ಟು ಸೊರಗಿದ್ದೀಯಲ್ಲೋ, ಬೈಯೋದಕ್ಕಾದರೂ ಎರಡು ತುತ್ತು ತಿನ್ನಬಾರದಾ ಎಂದಳು. ಅವನು ಯಂತ್ರ ಜೋಡಿಸಿದ. ಬೈಂಡರ್ ವೈರು ಹಿಡಿದ.

"ಒಂದೇ ಒಂದು ಸ್ವರ ಕೊಡಕ್ಕ," ಎಂದ.

ಬೇರೆ ಯಾವುದರಿಂದಲೂ ಅವಳು ಪರೀಕ್ಷೆ ಮಾಡಿದವಳಲ್ಲ. ತನ್ನ ಸ್ವರ ಒಂದು ಅಳತೆಕೋಲು ಎಂಬುದರಲ್ಲಿ ಅವಳಿಗೆ ಎಂದೂ ಅನುಮಾನ ಬಂದಿರಲಿಲ್ಲ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಣ್ಣುಮುಚ್ಚಿ, ಮೈಕಿಗೆ ಸ್ವರ ಕೊಟ್ಟಳು.

ಬಾಯಿಂದ ಹೊರಡುವಾಗಲೇ ಅದು ನಡುಗಿತು. ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಅದುರಿ, ನಡುವೆ ಜಗ್ಗಿ, ಮತ್ತೆ ಹೇಗೋ ಎದ್ದು ನಿಂತಿತು. ಸಂಗೀತ ತಿಳಿಯದ ಬೈಂಡರನ ಕಿವಿಗೂ ಅದು ಕೇಳಿಸಿತು. ಯಂತ್ರ ಆ ನಡುಕವನ್ನು ಒಂದಿಷ್ಟೂ ಕೂಡಿಸದೆ, ಒಂದಿಷ್ಟೂ ಕಳೆಯದೆ, ಹಾಗೆ ಹಾಗೆಯೇ ಹಿಂದಿರುಗಿಸಿತು. ಅಕ್ಕ ತಲೆ ಓರೆ ಮಾಡಿ ಆ ಮಾರ್ದನಿಯನ್ನು ಕೇಳಿದಳು.

"ಇನ್ನೂ ಕುಂಟುತ್ತೆ ಕಣೋ," ಎಂದಳು.

ಹಾಗಲಕಾಯಿಯ ಕೈ ಜೇಬಿಗೆ ಹೋಯಿತು. ಉಕ್ಕಿನ ಕವೆ ಅಲ್ಲಿತ್ತು. ಹೊರಗೆ ತೆಗೆದು ಒಂದು ಸಲ ಮಂಡಿಗೆ ಬಡಿದರೆ ಮುಗಿಯಿತು, ಯಂತ್ರ ನೆಟ್ಟಗಿದೆ ಎಂದು ಅವಳೇ ಒಪ್ಪಬೇಕಾಗುತ್ತಿತ್ತು. ಆಮೇಲೆ ಕುಂಟಿದ್ದು ಯಾವುದು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಪಸ್ವರ ಹಾಡಿದವನಿಗೆ ಅದನ್ನು ಮುಖದ ಮೇಲೆ ಹೇಳಿದವನು ಅವನು, ಕುರುಡು ಕಂಠಕ್ಕೆ ಎಕೋ ಊರುಗೋಲು ಎಂದು ದೊಡ್ಡ ದೊಡ್ಡ ಹಾಡುಗಾರರಿಗೆ ಕಣ್ಣೀರು ಹಾಕಿಸಿ ಕಳಿಸಿದವನು. ಬೈಂಡರ್ ಆ ಜೇಬನ್ನೇ ನೋಡುತ್ತಿದ್ದ. ಒಳಗೆ ಬೆರಳುಗಳು ಕವೆಯನ್ನು ಹಿಡಿದದ್ದು ಬಟ್ಟೆಯ ಮೇಲೆ ಕಾಣುತ್ತಿತ್ತು.

ಕೈ ಬರಿದಾಗಿ ಹೊರಗೆ ಬಂತು.

"ಹೌದಕ್ಕ," ಎಂದ ಹಾಗಲಕಾಯಿ. "ಕುಂಟುತ್ತೆ."

"ಬಿಡೋ ಅತ್ಲಾಗೆ. ಇಷ್ಟು ವರ್ಷ ಬಗ್ಗದ್ದು ಇನ್ನು ಬಗ್ಗುತ್ತಾ? ನಿನ್ನ ಕೈಲಿ ಆಗೋ ಕೆಲಸ ಅಲ್ಲ ಅದು."

ಅವನು ತಲೆಯಾಡಿಸಿದ. ಅವಳು ಕೊಟ್ಟ ಚಹಾ ಕುಡಿದ. ಸಕ್ಕರೆ ಜಾಸ್ತಿ ಎಂದು ಬೈದ.

ಬೀದಿಗೆ ಇಳಿದ ಮೇಲೆ ಬೈಂಡರನಿಗೆ ತಡೆಯಲಾಗಲಿಲ್ಲ. ಯಂತ್ರವನ್ನು ಹೊತ್ತುಕೊಂಡೇ ನಿಂತು, ಯಾಕೆ ಹಾಗಂದೆ, ಇದೊಂದು ಮಾತಿಗಾಗಿ ಶ್ವಾಸಕೋಶ ಕೊಟ್ಟೆಯಲ್ಲೋ ಎಂದು ರೇಗಿದ.

"ಮುಚ್ಕೊಂಡು ನಡಿ," ಎಂದ ಹಾಗಲಕಾಯಿ. ಒಂದು ಕಂಬ ಹಿಡಿದು ಕೆಮ್ಮಿ ಮುಗಿಸಿದ. "ಎಲ್ಲಾದರೂ ಸಾಕ್ಷಿ ಹೇಳೋಕೆ ಹೋದೆಯೋ, ನಿನ್ನ ಸೂಜಿಯಿಂದಲೇ ನಾಲಗೆ ಹೊಲಿದು ರಟ್ಟು ಕಟ್ತೀನಿ."

ಯಂತ್ರವನ್ನು ಅವನು ಮತ್ತೆ ಬಿಚ್ಚಲಿಲ್ಲ. ಮುಚ್ಚಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ, ಅಷ್ಟೆ. ಕಪ್ಪುಕನ್ನಡಕದವನು ಬಂದಾಗ, ಹಾಕಿದ್ದೀನಿ ಹೋಗು ನಿನ್ನ ಆತ್ಮ ಎಂದು ಕಾಲಿನಿಂದ ಪೆಟ್ಟಿಗೆಯನ್ನು ಆ ಕಡೆ ತಳ್ಳಿದ. ಅವನು ಅಲ್ಲೇ ವೈರು ಸಿಕ್ಕಿಸಿ, ಒಂದು ತಂತಿ ಮೀಟಿ, ಎದೆ ಮುಟ್ಟಿಕೊಂಡು, ಬಂತು ಗುರುಗಳೇ, ಬಂತು ಎಂದ. ಹಾಗಲಕಾಯಿ ಬೈಂಡರನ ಮುಖ ನೋಡಿ ನಗಲು ಹೋದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವನು ಆ ಅಂಗಡಿಯಲ್ಲಿ ನಕ್ಕದ್ದು ಅದೇ ಕೊನೆ. ಅಲ್ಲಿಂದ ಆಸ್ಪತ್ರೆ, ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವನ ಗೊರಕೆಯ ಶ್ರುತಿಯ ಬಗ್ಗೆ ತಕರಾರು, ಆಮೇಲೆ ಅದೂ ಇಲ್ಲ. ಎದುರಂಗಡಿಯ ಬಾಗಿಲು ಮುಚ್ಚಿದ್ದನ್ನು ನೋಡಲಾಗದೆ ಬೈಂಡರ್ ಈಗ ಬೆನ್ನು ತಿರುಗಿಸಿ ಕೂತು ಹೊಲಿಯುತ್ತಾನೆ. ಬೆಳಕು ಸಾಲುವುದಿಲ್ಲ.

ಸಭೆಯ ಕೊನೆಗೆ ಕಪ್ಪುಕನ್ನಡಕದವನು ವೇದಿಕೆ ಹತ್ತಿದ. ಗುರುಗಳು ಕೊನೆಯದಾಗಿ ಮುಟ್ಟಿದ ಯಂತ್ರ ಇದು, ಅವರ ಆ ತೇಲನ್ನು ಇನ್ನು ಯಾರೂ ಸೃಷ್ಟಿಸಲಾರರು ಎಂದು ಗದ್ಗದಿಸಿ, ಒಂದು ಉದ್ದದ ಸ್ವರವನ್ನು ಮೀಟಿ ಬಿಟ್ಟ. ಸಭೆ ಕಣ್ಣುಮುಚ್ಚಿತು. ತಲೆಗಳು ತೂಗಿದವು. ಮುಂದಿನ ಸಾಲಿನ ಯಾರೋ, ಆಹಾ, ಆ ತೇಲು ನೋಡಿ ಎಂದು ಪಕ್ಕದವನ ತೊಡೆ ತಟ್ಟಿದ.

ಸ್ವರ ಹೋಯಿತು, ತಿರುಗಿ ಬಂತು, ಮತ್ತೆ ಬಂತು.

ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಿದ್ದ ಅಕ್ಕ ಮುಂದಕ್ಕೆ ಬಾಗಿದಳು. ಅವಳ ಇನ್ನೊಂದು ಕೈಯ ಬೆರಳು ಎದುರಿನ ಕುರ್ಚಿಯ ಬೆನ್ನಿನ ಮೇಲೆ, ಈ ತುದಿಯಿಂದ ಆ ತುದಿಗೆ, ಆ ಸ್ವರದ ಉದ್ದಕ್ಕೂ ಜರುಗಿತು. ಎಲ್ಲೂ ಬಾಗಲಿಲ್ಲ.

"ಇದು ನೆಟ್ಟಗಿದೆಯಲ್ಲೋ," ಎಂದಳು ಮೆಲ್ಲಗೆ. ಬೈಂಡರನ ಕಡೆ ತಿರುಗಿದಳು.

"ಅವತ್ತು ನೀವಿಬ್ಬರು ಹೊತ್ತು ತಂದಿದ್ದಿರಲ್ಲ, ಅದೇನಾ ಇದು?"

ಅವನು ವೇದಿಕೆಯ ಕಡೆಯೇ ನೋಡುತ್ತಿದ್ದ. ಸಾಕ್ಷಿ ಹೇಳಬಾರದೆಂದು ಆಜ್ಞೆಯಾಗಿತ್ತು. ಅವಳು ಅವನ ಮುಖವನ್ನು ನೋಡುತ್ತ ಇದ್ದಳು. ಹುಡುಗಿಯರ ಶಾಲೆಯಲ್ಲಿ ಮೂವತ್ತು ಜನರ ನಡುವೆ ತುಟಿ ಮಾತ್ರ ಆಡಿಸುವವಳನ್ನು ಹಿಡಿಯುತ್ತಿದ್ದ ಕಣ್ಣು ಅದು. ಸ್ವಲ್ಪ ಹೊತ್ತಿಗೆ ಕೈಯನ್ನು ಕಿವಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು.

"ಕತ್ತೆ," ಎಂದಳು ಅಕ್ಕ. "ಹೇಳೋದಕ್ಕೆ ಏನಾಗಿತ್ತಂತೆ ಅವನಿಗೆ?"

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಈ ಕಿವುಡರ ಗಲಾಟೆ ಸಾಕು, ಮನೆಗೆ ಬಿಡು ನಡಿ ಎಂದಳು. ಬೈಂಡರ್ ಅವಳ ಕೈ ಹಿಡಿದು ಎಬ್ಬಿಸಿದ.